ಚಕ್ರದ ದನಿ, ನನ್ನ ಬಾಯಿ

ನಮ್ಮ ಓಣಿಯಲ್ಲಿ ನನ್ನನ್ನು ಊಟಕ್ಕೆ ಕರೆಯುವವರಿಗೂ ತೊಂದರೆ, ಕರೆಯದವರಿಗೂ ತೊಂದರೆ. ಕರೆದರೆ ಯಜಮಾನರು ಉಂಡು ತೇಗಿದ ಬಗೆಯನ್ನು ಮರುದಿನ ಕಟ್ಟೆಯ ಮೇಲೆ ಆಡಿ ತೋರಿಸುತ್ತೇನೆ. ಕರೆಯದಿದ್ದರೆ ಯಾಕೆ ಕರೆಯಲಿಲ್ಲ ಎಂಬುದನ್ನು ಅವರದೇ ದನಿಯಲ್ಲಿ ಹೇಳುತ್ತೇನೆ. ಶಾಲೆಯಲ್ಲಿ ಉರ್ದುವಿನಲ್ಲಿ ಓದಿದೆ. ಪಾಠ ಒಂದೂ ನೆನಪಿಲ್ಲ, ಮಾಸ್ತರರ ಕೆಮ್ಮುಗಳು ಮಾತ್ರ ಎಲ್ಲವೂ ಬಾಯಿಪಾಠ. ನನ್ನನ್ನೇ ಆಡಿ ತೋರಿಸು ಅಂದರೆ ಅದೂ ಬರುತ್ತದೆ: ಕೋಳಿಯ ಹಾಗೆ ಕುತ್ತಿಗೆ ಮುಂದೆ ಚಾಚಿಕೊಂಡು, ಯಾರು ನಗುತ್ತಿದ್ದಾರೆ ಎಂದು ಓರೆಗಣ್ಣಿನಲ್ಲಿ ಹುಡುಕುತ್ತ ನಡೆಯುವ ಒಬ್ಬ ಬಡಕಲ.

ಇಂಥವನಿಗೆ ಕೆಲಸ ಸಿಕ್ಕಿದ್ದು ಬಾಯಿ ತೆರೆದರೂ ಯಾರಿಗೂ ಕೇಳಿಸದ ಜಾಗದಲ್ಲಿ. ಕಲಬುರಗಿಯಿಂದ ನಂದೂರಿಗೆ ಹೋಗುವ ದಾರಿಯಲ್ಲಿ ಸಾವ್ಕಾರರದೊಂದು ಕಲ್ಲಿನ ಅಂಗಳವಿತ್ತು. ನೆಲಕ್ಕೆ ಹಾಸುವ ಶಹಾಬಾದಿನ ಫರಸಿ ಕಲ್ಲು ರೈಲಿನಲ್ಲಿ ಬಂದು ಅಲ್ಲಿ ಬೀಳುತ್ತಿತ್ತು, ಅಂಚು ಕೊಯ್ಯಿಸಿಕೊಂಡು ಊರ ಮನೆಗಳಿಗೆ ಹೋಗುತ್ತಿತ್ತು. ಕೊಯ್ಯಲು ಮುಂಬಯಿಯಿಂದ ತರಿಸಿದ ಒಂದು ಆರಾ ಮಷೀನು. ಮರದ ಗಟ್ಟಿ ಚೌಕಟ್ಟು, ನಡುವೆ ಒಂದು ಕಬ್ಬಿಣದ ದಂಡ, ದಂಡಕ್ಕೆ ಸಿಕ್ಕಿಸಿದ ಕೊಯ್ಯುವ ಚಕ್ರ. ಅತ್ತ ಎಣ್ಣೆ ಇಂಜಿನ್ನು, ಇತ್ತ ಚಕ್ರ, ನಡುವೆ ತೊಗಲಿನ ಪಟ್ಟಾ. ಚಕ್ರದ ಮೇಲೆ ನೀರು ತೊಟ್ಟಿಕ್ಕಲು ಒಂದು ಖಾಲಿ ಗ್ಯಾಸೆಣ್ಣೆ ಡಬ್ಬಿ. ಚಕ್ರವೆಂದರೆ ಹಲ್ಲಿನ ಗರಗಸವಲ್ಲ; ಚಾಕು ಮಸೆಯುವ ಸಾಣೆಕಲ್ಲಿನ ಜಾತಿಯದೇ, ಆದರೆ ಜೋಳದ ರೊಟ್ಟಿಯಷ್ಟು ತೆಳ್ಳಗೆ. ರೊಟ್ಟಿಯಂತೆಯೇ ಮುರಿಯುತ್ತದೆ. ತಿರುಗುವಾಗ ಮುರಿದರೆ ಚೂರುಗಳು ಗುಂಡಿನ ಹಾಗೆ ಹಾರುತ್ತವೆ.

ಫರಸಿಯನ್ನು ಸಣ್ಣ ಗಾಡಿಯ ಮೇಲೆ ಕಟ್ಟಿ ಚಕ್ರದ ಬಾಯಿಗೆ ನೂಕುವುದು ನನ್ನ ಕೆಲಸ. ಮಷೀನಿನ ದೊರೆ ಮಿಸ್ತ್ರಿ. ಎಲ್ಲರೂ ಅವನನ್ನು ಚಾಚಾ ಎನ್ನುತ್ತಿದ್ದರು. ಕುರುಚಲು ಗಡ್ಡ, ತಲೆಗೆ ಬಿಗಿದ ಒದ್ದೆ ರುಮಾಲು, ಎಡ ಭುಜ ಬಲಕ್ಕಿಂತ ತುಸು ಕೆಳಗೆ. ಹೈದರಾಬಾದಿನ ಮೇಲೆ ಪೊಲೀಸ್ ಆಕ್ಷನ್ ಆದ ಹೊತ್ತಿನಲ್ಲಿ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಕೆಲವು ಕಾಲ ಊರು ಬಿಟ್ಟಿದ್ದ. ತಿರುಗಿ ಬಂದಾಗ ಸಾವ್ಕಾರರು ಏನೂ ಕೇಳದೆ ಇಂಜಿನ್ ಕೋಣೆಯ ಕೀಲಿ ಕೊಟ್ಟರು. ಆ ಬಗ್ಗೆ ಇಬ್ಬರೂ ಮಾತಾಡಿದ್ದನ್ನು ನಾನು ಕೇಳಿಲ್ಲ. ಕೇಳಿದ್ದರೆ ಆಡಿ ತೋರಿಸುತ್ತಿದ್ದೆ. ಅದಕ್ಕೇ ಮಾತಾಡಲಿಲ್ಲವೋ ಏನೋ.

ಚಾಚಾ ನನಗೆ ಕೆಲಸ ಕಲಿಸಿದ್ದು ಕಿವಿಯಿಂದ. ಚಕ್ರ ಚೆನ್ನಾಗಿ ಕೊಯ್ಯುವಾಗ ಹಂಚಿನ ಮೇಲೆ ಜೋಳ ಹುರಿದಂತೆ ಚರಚರ ಅನ್ನುತ್ತದೆ. ಪಟ್ಟಾ ಸಡಿಲಾದರೆ ಹೂಂ ಎಂದು ಏರಿ ಹೂಂ ಎಂದು ಇಳಿಯುತ್ತದೆ, ಮಧ್ಯಾಹ್ನ ಸಾವ್ಕಾರರು ಮಲಗಿದ ಹಾಗೆ. ಚಕ್ರ ಮೊಂಡಾದರೆ ಸಣ್ಣಗೆ, ಎತ್ತರದಲ್ಲಿ, ಸೀಟಿ ಹೊಡೆದಂತೆ ಕೀ ಅನ್ನುತ್ತದೆ. ಇವನ್ನೆಲ್ಲ ನಾನು ಕಲಿತದ್ದು ಬಾಯಿಂದ ಮಾಡಿ ಮಾಡಿ. ಚಾಚಾ ತಿದ್ದುತ್ತಿದ್ದ.

"ಅದು ಪಟ್ಟಾ ಅಲ್ಲೋ ಬೇಟಾ, ಅದು ಎಮ್ಮಿ. ಜರಾ ಸಣ್ಣ ಮಾಡು."

ಚಾಚಾನನ್ನೂ ನಾನು ಬಿಡಲಿಲ್ಲ. ಅವನ ಬೆನ್ನ ಹಿಂದೆ ನಿಂತು, ಸೊಟ್ಟ ಭುಜ ಮಾಡಿಕೊಂಡು, ಸಣ್ಣ ದನಿ ತೆಗೆದು "ನೀರು ಬಿಡೋ ನಾಲಾಯಕ್!" ಅನ್ನುತ್ತಿದ್ದೆ. ಅವನು ತಿರುಗಿ ನೋಡದೆಯೇ ತಲೆಯ ಒದ್ದೆ ರುಮಾಲು ಬಿಚ್ಚಿ ಹಿಂದಕ್ಕೆ ಬೀಸುತ್ತಿದ್ದ. ಒಮ್ಮೆಯೂ ಗುರಿ ತಪ್ಪಿದ್ದಿಲ್ಲ. ಮುಖ ತೊಳೆದುಕೊಳ್ಳುವ ಖರ್ಚು ನನಗೆ ಉಳಿಯುತ್ತಿತ್ತು.

ಒಂದು ಬೇಸಿಗೆಯಲ್ಲಿ ರುಮಾಲು ಬರುವುದು ನಿಂತಿತು. ನಾನು ಹಿಂದೆ ನಿಂತು ಎಷ್ಟು ಕೂಗಿದರೂ ಚಾಚಾ ತನ್ನ ಪಾಡಿಗೆ ತಾನು ಪಟ್ಟಾಕ್ಕೆ ಎಣ್ಣೆ ಸವರುತ್ತಿದ್ದ. ಮುದುಕನಿಗೆ ನನ್ನ ಮೇಲೆ ಸಿಟ್ಟು ಬಂದಿದೆ ಎಂದುಕೊಂಡೆ. ಒಳಗೊಳಗೇ ನನ್ನ ಕಲೆಯ ಬಗ್ಗೆ ಅನುಮಾನವೂ ಬಂತು. ಅದು ಸಿಟ್ಟಿಗಿಂತ ಹೆಚ್ಚು ಚುಚ್ಚಿತು.

ಅದೇ ಬೇಸಿಗೆಯಲ್ಲಿ ಚಕ್ರಗಳೂ ಒಡೆಯತೊಡಗಿದವು. ಒಂದು ಕಲ್ಲಿನ ನಡುವೆಯೇ ಸಿಡಿದು ನೀರಿನ ಕೊಡವನ್ನು ಬಲಿ ತೆಗೆದುಕೊಂಡಿತು. ಇನ್ನೊಂದು ತಗಡಿನ ಛಾವಣಿಗೆ ಕಿಂಡಿ ಕೊರೆಯಿತು. ಮುಂಬಯಿಯಿಂದ ಹೊಸ ಚಕ್ರ ಬರಬೇಕಾದರೆ ತಿಂಗಳುಗಟ್ಟಲೆ ಕಾಯಬೇಕು. ಸಾವ್ಕಾರರು ಹಲ್ಲಿನ ಸಂದಿಯಿಂದ ಅಡಕೆ ತೆಗೆಯುತ್ತ, ಯಾವಾಗಲೂ ಮಾತಾಡುವ ಮೆತ್ತಗಿನ ದನಿಯಲ್ಲೇ ಹೇಳಿದರು:

"ಮಿಸ್ತ್ರಿ, ನಿನ್ನ ಕೈಯಾಗ ಹಿಂಗ ಎಂದೂ ಆಗಿದ್ದಿಲ್ಲ. ಕಮಲಾಪುರದ ಶಾಲಿ ಕೆಲಸ ಒಪ್ಪಿಕೊಂಡೀನಿ. ಎರಡs ಚಕ್ರ ಉಳದಾವ. ಅಲ್ಲಿನೂ ಹಿಂಗಾತಂದ್ರ ಸೋಲಾಪುರದಿಂದ ಬ್ಯಾರೆ ಮಿಸ್ತ್ರಿ ಕರಸ್ತೀನಿ. ನೀ ಮನ್ಯಾಗ ಕೂಡು. ಸಿಟ್ಟಿಲೆ ಹೇಳಾಕತ್ತಿಲ್ಲ. ಯಾರದರೆ ಕಣ್ಣು ಹೋದ್ರ ನಾ ಏನ್ ಮಾಡ್ಲಿ?"

ಚಾಚಾ ಸಾವ್ಕಾರರ ತುಟಿಯನ್ನೇ ನೋಡುತ್ತ ನಿಂತಿದ್ದ. "ಆಗಲ್ರಿ," ಎಂದ.

ಕಮಲಾಪುರದಲ್ಲಿ ಹೊಸದಾಗಿ ಕನ್ನಡ ಶಾಲೆ ಏಳುತ್ತಿತ್ತು. ನೆಲಕ್ಕೂ ಮೆಟ್ಟಿಲಿಗೂ ಫರಸಿ ಬೇಕಿತ್ತು. ಕಲಬುರಗಿಯಲ್ಲೇ ಕೊಯ್ದು ಕಳಿಸಬಹುದಿತ್ತು, ಆದರೆ ಅಲ್ಲಿನ ಗೌಂಡಿ ಕಟ್ಟಿದ ಗೋಡೆಗಳಿಗೆ ನೆಟ್ಟಗೆ ನಿಲ್ಲುವ ರೂಢಿ ಇರಲಿಲ್ಲ. ಒಂದು ಮೂಲೆಗೆ ಹೊಂದುವ ಕಲ್ಲು ಇನ್ನೊಂದಕ್ಕೆ ಹೊಂದದು. ಹೀಗಾಗಿ ಮಷೀನು, ಇಂಜಿನ್ನು, ಫರಸಿ, ಹುಲ್ಲು ತುಂಬಿದ ಪೆಟ್ಟಿಗೆಯಲ್ಲಿ ಎರಡು ಚಕ್ರ, ನಾನು, ಚಾಚಾ ಎಲ್ಲರೂ ಒಂದೇ ಲಾರಿಯಲ್ಲಿ ಹೊರಟೆವು. ಕಪ್ಪು ಹೊಲಗಳು ಮುಗಿದು ಕೆಂಪು ಮಣ್ಣು ಶುರುವಾಗುವ ತನಕ ಲಾರಿ ನಮ್ಮನ್ನು ಜರಡಿಯಲ್ಲಿ ಹಿಡಿದಂತೆ ಕುಣಿಸಿತು. ಚಾಚಾ ಪೆಟ್ಟಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದ.

ಹೊಸ ಚಕ್ರ ಸಿಕ್ಕಿಸುವ ಮೊದಲು ಮಾಡಬೇಕಾದ ಒಂದು ಪರೀಕ್ಷೆ ಇದೆ. ಚಕ್ರದ ನಡುವಿನ ತೂತಿಗೆ ಬೆರಳು ಹಾಕಿ ತೂಗಬಿಟ್ಟು, ಸುತ್ತಿಗೆಯ ಮರದ ಹಿಡಿಯಿಂದ ಮೆಲ್ಲಗೆ ಬಡಿಯಬೇಕು. ಸಂತೆಯಲ್ಲಿ ಹೆಂಗಸರು ಕೊಡ ಕೊಳ್ಳುವಾಗ ಬೆರಳ ಗೆಣ್ಣಿನಿಂದ ಬಡಿದು ನೋಡುವುದಿಲ್ಲವೇ, ಹಾಗೆ. ಗಟ್ಟಿಯಿದ್ದರೆ ಟಿಣ್ ಎಂದು ಎಳೆದು ನುಡಿಯುತ್ತದೆ. ಕಣ್ಣಿಗೆ ಕಾಣದ ಬಿರುಕಿದ್ದರೂ ಥಪ್ ಎನ್ನುತ್ತದೆ.

ಕಮಲಾಪುರದಲ್ಲಿ ಮಷೀನು ಹೂಡಿದ ಮೇಲೆ ಗೌಂಡಿ ಮತ್ತು ಅವನ ಆಳುಗಳೆಲ್ಲ ನೋಡಲು ಸುತ್ತ ನಿಂತರು. ಚಾಚಾ ಮೊದಲ ಚಕ್ರವನ್ನು ಬೆರಳಿಗೆ ತೂಗಬಿಟ್ಟು ಬಡಿದ.

ಥಪ್.

ಚಾಚಾ ತಲೆಯಾಡಿಸಿದ. "ಹಾಂ, ಚಲೋ ಅದ," ಎಂದು ಚಕ್ರವನ್ನು ದಂಡಕ್ಕೆ ಸಿಕ್ಕಿಸಲು ಹೋದ.

ಬರದೇ ಹೋದ ರುಮಾಲು, ಒಡೆದ ಚಕ್ರಗಳು, ಸಾವ್ಕಾರರ ತುಟಿ ನೋಡುತ್ತಿದ್ದ ಕಣ್ಣು ಎಲ್ಲವೂ ಒಂದೇ ಸಲ ಅರ್ಥವಾದವು. ಮುದುಕನಿಗೆ ಸಿಟ್ಟಿರಲಿಲ್ಲ. ಕೇಳಿಸುತ್ತಿರಲಿಲ್ಲ.

"ಚಾಚಾ, ಅದು ಒಡದದ" ಎಂದು ಎಲ್ಲರೆದುರು ಕೂಗಿದ್ದರೆ ಚಕ್ರ ಉಳಿಯುತ್ತಿತ್ತು, ಚಾಚಾ ಉಳಿಯುತ್ತಿರಲಿಲ್ಲ. ಗೌಂಡಿಯ ಬಾಯಿಂದ ಸಾವ್ಕಾರರ ಕಿವಿಗೆ ಸುದ್ದಿ ಹೋಗಲು ಬಸ್ಸೂ ಬೇಕಿರಲಿಲ್ಲ. ನನಗೆ ತಿಳಿದದ್ದು ಒಂದೇ ವಿದ್ಯೆ, ಅದನ್ನೇ ಮಾಡಿದೆ. ಹೆಗಲ ಮೇಲಿನ ಟವಲನ್ನು ಸೆರಗಿನಂತೆ ತಲೆಗೆ ಹೊದ್ದು, ಚಾಚಾನ ಕೈಯಿಂದ ಚಕ್ರ ಕಸಿದುಕೊಂಡು ಅವನ ಮುಂದೆಯೇ ಕುಕ್ಕರುಗಾಲಲ್ಲಿ ಕುಳಿತೆ.

"ಏ ಕುಂಬಾರಣ್ಣಾ, ಎಂಥಾ ಕೊಡ ಕೊಟ್ಟಿಯೋ ನಮ್ಮಪ್ಪಾ!" ಎಂದು ಚಕ್ರ ಬಡಿದೆ. ಬಾಯಿಯನ್ನು ದೊಡ್ಡದಾಗಿ ತೆರೆದು, ಹೊಟ್ಟೆಯಿಂದ ದಪ್ಪ ದನಿ ಎಬ್ಬಿಸಿ "ಥಪ್ ಅಂತದಲ್ಲೋ! ಥಪ್! ಇದರಾಗ ನೀರು ಹೊತಗೊಂಡು ಹೋದ್ರ ನಮ್ಮತ್ತಿ ನನ್ನs ಹೊರಗ ಹಾಕ್ತಾಳ!" ಎಂದೆ.

ಆಳುಗಳೆಲ್ಲ ನಕ್ಕರು. ಗೌಂಡಿ, "ಎಲ್ಲಿಂದ ಹಿಡದು ತಂದೀರಿ ಈ ಮಂಗ್ಯಾನ್ನ?" ಎಂದ. ಚಾಚಾ ನಗಲಿಲ್ಲ. ನನ್ನ ಬಾಯಿಯನ್ನೇ ನೋಡಿದ, ಆಮೇಲೆ ಚಕ್ರವನ್ನು. ಅದನ್ನು ಮೆಲ್ಲಗೆ ನನ್ನ ಕೈಯಿಂದ ತೆಗೆದುಕೊಂಡು ಹುಲ್ಲಿನೊಳಗೆ ಇಟ್ಟ.

"ಲಾರಿಯಾಗ ಏಟು ಬಿದ್ದದ," ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. "ಎರಡನೇದು ತಗಿ."

ಎರಡನೆಯದು ಟಿಣ್ ಎಂದಿತು. ನಾನೂ ದಪ್ಪಗೆ ಟೊಣ್ ಎಂದೆ. ಅದನ್ನೇ ಸಿಕ್ಕಿಸಿದೆವು.

ಮಧ್ಯಾಹ್ನ ಇಬ್ಬರೇ ಲಾರಿಯ ನೆರಳಿನಲ್ಲಿ ಬುತ್ತಿ ಬಿಚ್ಚಿದೆವು. ರೊಟ್ಟಿ, ಪುಂಡಿಪಲ್ಯ, ಊರವರು ಕೊಟ್ಟ ಕೆಂಪು ಬಾಳೆಹಣ್ಣು. ಚಾಚಾ ಹಣ್ಣಿನ ಸಿಪ್ಪೆ ಸುಲಿಯುತ್ತ ಕುಳಿತ.

"ಯಾವಾಗಿಂದ, ಚಾಚಾ?" ಎಂದೆ.

"ಮೊದಲಿಗೆ ಗುಬ್ಬಿ ಹೋದವು," ಎಂದ. "ಒಂದಿನ ಮುಂಜಾನೆ ಎದ್ದೆ, ಅಂಗಳದಾಗ ಗುಬ್ಬಿ ಬಾಯಿ ತಗದು ತಗದು ಮುಚ್ಚಾಕತ್ತಿದ್ದವು. ದನಿ ಇಲ್ಲ. ಬಿಲ್ಕುಲ್ ಇಲ್ಲ. ಆಮ್ಯಾಲ ಚಕ್ರದ ಸೀಟಿ ಹೋತು. ಆಮ್ಯಾಲ ಮೊಮ್ಮಗಳು. ನನ್ನ ಮುಂದ ನಿಂತು ಏನೋ ಹೇಳ್ತಾಳ, ನಾ ಹಾಂ ಹಾಂ ಅಂತೀನಿ. ದಪ್ಪ ದನಿ ಎಲ್ಲಾ ಕೇಳ್ತದ. ಇಂಜನ್ ಕೇಳ್ತದ, ಸಾವ್ಕಾರ್ರು ಮುಂದಿದ್ರ ಕೇಳ್ತದ. ನೀ ಕೇಳ್ತಿ, ನಿನ್ನ ಬಾಯಿ ಮಸೀದಿ ಬಾಗಲಾ ಇದ್ದಂಗ ಅದ."

"ಹಂಗಾದ್ರ ನಾ ಹಿಂದ ನಿಂತು ನಿಮ್ಮಂಗ ಕೂಗಿದ್ದು?"

"ನನ್ನಂಗ ಯಾವಾಗ ಕೂಗಿದೆಲೇ?"

ಇಷ್ಟು ದಿನ ಖಾಲಿ ಅಂಗಳದಲ್ಲಿ ಆಟ ಆಡಿದ್ದೆನಲ್ಲ ಎಂದು ನಗು ಬಂತು. ಪೂರ್ತಿ ಬರಲಿಲ್ಲ.

ಚಾಚಾ ಹಣ್ಣನ್ನು ಎರಡು ಮಾಡಿ ಅರ್ಧ ನನಗೆ ಕೊಟ್ಟ. "ಸಾವ್ಕಾರ್ರ ಹೇಳೂದು ಖರೇ ಅದ. ಯಾರದರೆ ಕಣ್ಣು ಹೋಗಬಾರದು. ಆದ್ರ ಈ ಕೆಲಸ ಬಿಟ್ರ ನನಗ ಬ್ಯಾರೆ ಏನೂ ಬರಂಗಿಲ್ಲ ಬೇಟಾ. ಒಂದ್ ಸಲ ಊರು ಬಿಟ್ಟು ಹೋಗಿ ಬಂದೀನಿ. ಈಗ ಕೆಲಸನೂ ಬಿಡು ಅಂದ್ರ..." ಬಾಳೆಹಣ್ಣು ಬಾಯಿಗಿಟ್ಟುಕೊಂಡ.

"ನಾ ಗಾಡಿ ನೂಕೂವಾಗ ನೀವು ನನ್ನ ಬಾಯಿ ನೋಡ್ರಿ," ಎಂದೆ. "ಚಕ್ರ ಏನಂತದ ಅದನ್ನ ದಪ್ಪ ಮಾಡಿ ಅಂತೀನಿ. ರೋಗ ಏನಂತ ನೀವು ಹೇಳ್ರಿ. ನನಗ ದನಿ ಅಷ್ಟs ಬರ್ತದ, ಔಷಧ ಬರಂಗಿಲ್ಲ."

"ಜನ ನಗತಾರ."

"ಈಗೇನು ಅಳಾಕತ್ತಾರೇನು?"

ಮರುದಿನ ಸಾವ್ಕಾರರೇ ಬಸ್ಸಿನಲ್ಲಿ ಬಂದಿಳಿದರು. ಕೊಡೆ ಮಡಚಿ, ಫರಸಿಯ ರಾಶಿಯ ಮೇಲೆ ಟವಲು ಹಾಸಿ ಕುಳಿತರು. ಕೊನೆಯ ಚಕ್ರ ತಿರುಗುವುದನ್ನು ನೋಡುತ್ತಿದ್ದರು.

ಮೊದಲ ಕಲ್ಲುಗಳು ಚೆನ್ನಾಗಿಯೇ ಹೋದವು. ನಾನು ಚರಚರ ಎಂದು ಬಾಯಲ್ಲಿ ಜೋಳ ಹುರಿಯುತ್ತಿದ್ದೆ. ಆಮೇಲೆ ಗಾಡಿ ಭಾರವಾಯಿತು. ನೂಕಿದರೂ ಮುಂದೆ ಹೋಗಲೊಲ್ಲದು. ಕಲ್ಲಿನ ಅಂಚಿನಿಂದ ಸುಟ್ಟ ವಾಸನೆ ಬಂತು. ಚಕ್ರ ಎತ್ತರದಲ್ಲಿ ಕೀ ಎಂದು ಸೀಟಿ ಹೊಡೆಯಿತು. ಕಲಬುರಗಿಯಲ್ಲಿ ಇಂಥ ಹೊತ್ತಿಗೆ ಚಾಚಾ ಇನ್ನಷ್ಟು ಒತ್ತಿ ನೂಕು ಎಂದಿದ್ದ, ಚಕ್ರ ಛಾವಣಿಗೆ ಹಾರಿತ್ತು. ಈ ಸಲ ನಾನು ಎರಡೂ ಕೆನ್ನೆ ಉಬ್ಬಿಸಿ, ಆ ಸೀಟಿಯನ್ನು ನನ್ನ ಹೊಟ್ಟೆಯ ತಳಕ್ಕಿಳಿಸಿ, ಕಹಳೆಯ ಹಾಗೆ "ಕ್ಯೂಂ..." ಎಂದು ಊದಿದೆ.

ಗೌಂಡಿ ನಗುತ್ತ ಗಾರೆಯ ಬುಟ್ಟಿ ಕೆಳಗಿಟ್ಟ. ಚಾಚಾ ತಟ್ಟನೆ ಕೈ ಎತ್ತಿದ. ಗಾಡಿ ಹಿಂದಕ್ಕೆಳೆದೆ. ಇಂಜಿನ್ನು ನಿಂತಿತು.

ಚಕ್ರದ ಅಂಚಿಗೆ ಬೆರಳು ಸವರಿ ಚಾಚಾ ನನಗೆ ತೋರಿಸಿದ. ಒರಟಾಗಿರಬೇಕಾದ ಅಂಚು ಗಾಜಿನ ಬಳೆಯಂತೆ ನುಣುಪಾಗಿ ಹೊಳೆಯುತ್ತಿತ್ತು.

"ಉಣ್ಣೂದು ಬಿಟ್ಟದ," ಎಂದ. "ಫರಸಿ ನುಣುಪು ಕಲ್ಲು. ಇದರ ಮೈಯಾಗಿನ ಕೊಯ್ಯೂ ಹರಳು ಮೊಂಡಾಗ್ಯಾವ, ಮೊಂಡಾದದ್ದು ಉದರವಲ್ದು. ಒತ್ತಿದ್ರ ಕಾಯ್ತದ, ಕಾದ್ರ ಒಡೀತದ. ಆ ಕೆಂಪು ಕಲ್ಲು ತಾ."

ಕಮಲಾಪುರದ ಕೆಂಪು ಕಲ್ಲು ಮೆತ್ತಗೆ, ತೂತು ತೂತು, ಹಿಡಿದರೆ ಕೈಗೆಲ್ಲ ಮರಳು ಹತ್ತುತ್ತದೆ. ಬುನಾದಿಯಲ್ಲಿ ಮಿಕ್ಕ ಒಂದು ತುಂಡನ್ನು ಗಾಡಿಗೆ ಕಟ್ಟಿದೆ.

ಸಾವ್ಕಾರರು ಮೊದಲ ಸಲ ಬಾಯಿಬಿಟ್ಟರು. "ಮಿಸ್ತ್ರಿ, ಇರೂದು ಒಂದs ಚಕ್ರ. ಅದನ್ನ ಬುನಾದಿ ಕಲ್ಲಿಗೆ ಯಾಕ ಸವಸ್ತಿ?"

ಚಾಚಾ ಅವರತ್ತ ಮುಖ ಮಾಡಿರಲಿಲ್ಲ. ನಾನು ಕೂಡಲೇ ಸಾವ್ಕಾರರ ದನಿ ತೆಗೆದು, ಚಾಚಾನ ಮುಂದೆ ಕೊಡೆ ಹಿಡಿದವನಂತೆ ಕೈ ಮಾಡಿ, ಅದೇ ಮಾತನ್ನು ಹೊಟ್ಟೆಯಿಂದ ಹೇಳಿದೆ. ಆಳುಗಳು ಸಾವ್ಕಾರರ ಮುಖ ನೋಡಿದರು. ಚಾಚಾ ತಿರುಗಿ ಉತ್ತರ ಕೊಟ್ಟ:

"ಸವಸಾಕತ್ತಿಲ್ರಿ ಸಾವ್ಕಾರ್ರೆ, ಹಲ್ಲು ತಿಕ್ಕಸಾಕತ್ತೀನಿ. ಈ ಕಲ್ಲು ಹಳೆ ಹರಳು ಕಿತ್ತು ಒಗೀತದ, ಒಳಗಿಂದ ಹೊಸಾದು ಬರ್ತದ."

ಕೆಂಪು ಕಲ್ಲಿನಲ್ಲಿ ಮೆಲ್ಲಗೆ ಹಲವು ಸಲ ಚಕ್ರ ಹಾಯಿಸಿದೆವು. ಕೆಂಪು ನೀರು ನನ್ನ ಅಂಗಿಯ ಮೇಲೆಲ್ಲ ಹಾರಿ ನಾನೇ ಗಾಯಗೊಂಡವನಂತೆ ಕಂಡೆ. ಮತ್ತೆ ಫರಸಿ ಕಟ್ಟಿ ನೂಕಿದಾಗ ಗಾಡಿ ಬೆಣ್ಣೆಯಲ್ಲಿ ಹೋದಂತೆ ಹೋಯಿತು. ಚರಚರ. ನಾನೂ ಚರಚರ. ಚಾಚಾ ಗಡ್ಡ ಕೆರೆದುಕೊಂಡ. ಖುಷಿಯಾದಾಗ ಮಾತ್ರ ಅವನು ಗಡ್ಡ ಕೆರೆಯುವುದು.

ಇಳಿಹೊತ್ತಿಗೆ ಇನ್ನೊಂದು ಬಂತು. ಕೊಯ್ದ ಗೆರೆ ಅಗಲವಾಗುತ್ತಿತ್ತು, ಅಂಚಿನಿಂದ ಸಣ್ಣ ಚಕ್ಕೆ ಏಳುತ್ತಿದ್ದವು. ಇಂಜಿನ್ನು ನಿಲ್ಲಿಸಿದ ಮೇಲೆ ಚಕ್ರ ತನ್ನಷ್ಟಕ್ಕೆ ತಿರುಗಿ ನಿಧಾನವಾಗುವಾಗ ಟಿಕ್ ಟಿಕ್ ಎಂಬ ಸಣ್ಣ ಸದ್ದು. ನಾನು ಅದನ್ನು ಟೊಕ್ ಟೊಕ್ ಎಂದು ಮಾಡಿ, ಪ್ರತಿ ಟೊಕ್ಕಿಗೂ ಒಂದು ಕಾಲು ಕುಂಟಿದೆ.

"ತಡದು ತಡದು ಬರ್ತದೋ, ಸುತ್ತಿಗೊಮ್ಮಿ ಬರ್ತದೋ?" ಎಂದ ಚಾಚಾ.

"ಸುತ್ತಿಗೊಮ್ಮಿ."

"ಹಂಗಾದ್ರ ಪಟ್ಟಾದ ಹೊಲಿಗಿ ಅಲ್ಲ. ಪಟ್ಟಾ ಉದ್ದ ಅದ, ಅದರ ಹೊಲಿಗಿ ತಡದು ಬರ್ತದ. ಇದು ಚಕ್ರದ್ದು. ಬಿಚ್ಚು."

ಚಕ್ರವನ್ನು ಎರಡೂ ಕಡೆಯಿಂದ ಒತ್ತಿ ಹಿಡಿಯುವ ಕಬ್ಬಿಣದ ಬಿಲ್ಲೆಗಳಿವೆ. ಕಬ್ಬಿಣ ನೇರ ಚಕ್ರಕ್ಕೆ ತಾಗದಂತೆ ನಡುವೆ ರಟ್ಟಿನ ಬಿಲ್ಲೆ ಇಡುತ್ತಾರೆ. ಬಿಚ್ಚಿದರೆ ಒಂದು ರಟ್ಟು ಹರಿದು, ಅಲ್ಲಿ ಕೆಂಪು ಕಲ್ಲಿನ ಒಂದು ಹರಳು ಸೇರಿ ಕುಳಿತಿತ್ತು. ಅದರಿಂದ ಚಕ್ರ ಕೂದಲೆಳೆಯಷ್ಟು ವಾಲಿತ್ತು. ಔಷಧದಿಂದಲೇ ಬಂದ ರೋಗ.

ಊರಿನ ಹಳೆಯ ಶಾಲೆಯ ಪುಸ್ತಕಗಳನ್ನು ಯಾರೋ ತಂದು ಮೂಲೆಗೆ ಹಾಕಿದ್ದರು; ಹೊಸ ರಟ್ಟಿಗಾಗಿ ನಾನು ಆ ರಾಶಿಗೆ ಕೈ ಹಾಕಿದೆ. ಸಿಕ್ಕಿದ್ದು ನನ್ನ ಶಾಲೆಯಲ್ಲಿ ನಾನೂ ಏಟು ತಿಂದು ಓದಿದ್ದ ಉರ್ದು ಮೊದಲ ಪುಸ್ತಕ. "ಕಡೀಗೂ ಉಪಯೋಗಕ್ಕ ಬಂತು ನೋಡ್ರಿ," ಎಂದು ಚಾಚಾನ ಮುಂದೆ ಹಿಡಿದೆ. ಚಾಚಾ ಅದನ್ನು ತೆಗೆದುಕೊಂಡು, ಧೂಳು ಒರೆಸಿ, ಹಣೆಗೊತ್ತಿಕೊಂಡು ವಾಪಸು ಇಟ್ಟ.

"ಅಕ್ಷರ ಅದಾವ. ಬ್ಯಾರೆ ತಾ."

ಗೌಂಡಿಯೂ ಹೌದೆಂದು ತಲೆಯಾಡಿಸಿ ತನ್ನ ಹೊಸ ಚಪ್ಪಲಿ ಬಂದಿದ್ದ ಡಬ್ಬದ ರಟ್ಟು ಹರಿದುಕೊಟ್ಟ. ಬಿಲ್ಲೆ ಕತ್ತರಿಸಿ, ಎಲ್ಲ ಒರೆಸಿ, ಚಕ್ರ ಕೂರಿಸಿದೆವು. ಟೊಕ್ ಹೋಯಿತು. ನನ್ನ ಕುಂಟೂ ಹೋಯಿತು.

ಬಿಸಿಲು ಇಳಿದಾಗ ಬಾಗಿಲ ಮುಂದಿನ ಮೂರು ಮೆಟ್ಟಿಲಿನ ಕಲ್ಲು ಸಿದ್ಧವಾಗಿದ್ದವು. ಚಾಚಾ ನಮಗೆ ಬೆನ್ನು ಮಾಡಿ ಇಂಜಿನ್ ಒರೆಸುತ್ತಿದ್ದ. ಸಾವ್ಕಾರರು ಎದ್ದು, ಹುಲ್ಲಿನ ಪೆಟ್ಟಿಗೆಯಲ್ಲಿದ್ದ ಒಡಕು ಚಕ್ರವನ್ನು ಬೆರಳಿಗೆ ತೂಗಬಿಟ್ಟು ಕೀಲಿಕೈಯಿಂದ ಬಡಿದರು. ಥಪ್. ಚಾಚಾನ ಬೆನ್ನನ್ನೇ ನೋಡಿದರು.

"ಮಿಸ್ತ್ರಿ," ಎಂದರು, ತಮ್ಮ ಮೆತ್ತಗಿನ ದನಿಯಲ್ಲಿ.

ಚಾಚಾ ಒರೆಸುತ್ತಲೇ ಇದ್ದ.

"ಮಿಸ್ತ್ರಿ," ಎಂದರು ಮತ್ತೊಮ್ಮೆ, ಇನ್ನೂ ಮೆತ್ತಗೆ. ಆಮೇಲೆ ನನ್ನ ಕಡೆ ತಿರುಗಿದರು.

"ಯಾವಾಗಿಂದ?" ಎಂದು ನನ್ನನ್ನು ಕೇಳಿದರು.

"ಬ್ಯಾಸಗಿಯಿಂದ್ರಿ."

ಸಾವ್ಕಾರರು ಚಕ್ರವನ್ನು ಹುಲ್ಲಿನಲ್ಲಿ ಇಡಲಿಲ್ಲ. ಕಲ್ಲಿಗೆ ಕುಕ್ಕಿ ಎರಡು ತುಂಡು ಮಾಡಿ ಆಚೆ ಎಸೆದರು, ಯಾರೂ ಮರೆತು ಸಿಕ್ಕಿಸಬಾರದೆಂದು. ನಡೆದು ಹೋಗಿ ಚಾಚಾನ ಮುಂದೆ, ಇಂಜಿನ್ನಿನ ಆಚೆ ಬದಿ ನಿಂತರು. ಬಾಯಿಯ ಅಡಕೆ ಉಗುಳಿ ದನಿ ಏರಿಸಿದರು. ಅವರ ಅಷ್ಟು ದೊಡ್ಡ ದನಿಯನ್ನು ನಾನು ಅದಕ್ಕಿಂತ ಮೊದಲು ಕೇಳಿರಲಿಲ್ಲ.

"ಸೋಲಾಪುರದವಗ ಬರಬ್ಯಾಡ ಅಂತ ಹೇಳಸ್ತೀನಿ, ಮಿಸ್ತ್ರಿ! ಅವ ಬಂದ್ರ ಅವನ ಜೋಡಿ ಇಂಥಾ ಮಂಗ್ಯಾ ಬರಂಗಿಲ್ಲ. ಆದ್ರ ಚಕ್ರ ಬಡದು ನೋಡೂದು ಇನ್ನ ಮ್ಯಾಲ ಇವನs. ಇವ ಇಲ್ಲದ ದಿನ ಇಂಜನ್ ಹಚ್ಚಬ್ಯಾಡ. ತಿಳೀತಿಲ್ಲೋ?"

ಚಾಚಾ ಎಣ್ಣೆಯ ಅರಿವೆ ಹಿಡಿದ ಕೈಯನ್ನೇ ಎದೆಗಿಟ್ಟುಕೊಂಡ. "ತಿಳೀತ್ರಿ," ಎಂದ. ಬಿಳಿ ಅಂಗಿಯ ಮೇಲೆ ಕಪ್ಪು ಪಂಜ ಮೂಡಿತು.

ಸಾವ್ಕಾರರು ಬಸ್ಸಿಗೆ ಹೊರಡುವಾಗ ನನ್ನ ಹತ್ತಿರ ನಿಂತರು. "ಮುಂಜಾನೆ ನನ್ನ ದನಿ ತಗದಿಯಲ್ಲ, ನಾ ಖರೇನ ಹಂಗ ಮಾತಾಡ್ತೀನೇನು?"

"ಇಲ್ರಿ ಸಾವ್ಕಾರ್ರೆ. ನೀವು ಇನ್ನಷ್ಟು ಮೂಗಿನಾಗ ಮಾತಾಡ್ತೀರಿ."

ಕೊಡೆಯ ತುದಿ ನನ್ನ ಮೊಣಕಾಲಿಗೆ ತಗುಲಿತು, ಜೋರಾಗಿ ಅಲ್ಲ.

ಅಂದಿನಿಂದ ಇಂದಿನವರೆಗೂ ಚಕ್ರ ಬಡಿಯುವವನು ನಾನೇ. ನಮ್ಮ ಜಿಲ್ಲೆ ಹೈದರಾಬಾದು ಬಿಟ್ಟು ಮೈಸೂರಿಗೆ ಸೇರುತ್ತದಂತೆ ಎಂದು ಕಟ್ಟೆಯ ಮೇಲೆ ಮಾತು ನಡೆದಿದೆ. ಅಲ್ಲಿನವರ ಕನ್ನಡವನ್ನು ಆಡಿ ತೋರಿಸಲು ನಾನು ಈಗಲೇ ತಯಾರಿ ನಡೆಸಿದ್ದೇನೆ. ಅಂಗಳಕ್ಕೆ ಹೊಸಬರು ಬಂದರೆ, ಕಲ್ಲು ಕೊಯ್ಯುವಾಗ ಒಬ್ಬ ಬಾಯಿ ಊದುವುದನ್ನೂ ಒಬ್ಬ ಆ ಬಾಯಿಯನ್ನೇ ದಿಟ್ಟಿಸುವುದನ್ನೂ ಕಂಡು ಇಬ್ಬರಿಗೂ ತಲೆ ಸರಿಯಿಲ್ಲ ಎಂದುಕೊಳ್ಳುತ್ತಾರೆ. ಚಕ್ರ ಮಾತ್ರ ಒಂದೂ ಸಿಡಿದಿಲ್ಲ. ಸವೆದು, ಅಂಗೈಯಷ್ಟಾಗಿ, ತಾವಾಗಿಯೇ ನಿವೃತ್ತಿಯಾಗುತ್ತವೆ.

ಆ ಸಂಜೆ ಸಾವ್ಕಾರರ ಬಸ್ಸು ಹೋದ ಮೇಲೆ ಚಾಚಾ ಹೊಸ ಮೆಟ್ಟಿಲ ಕಲ್ಲಿನ ಮೇಲೆ ಕುಳಿತು ನನ್ನನ್ನು ಎದುರಿಗೆ ಕರೆದ.

"ನನ್ನಂಗ ಕೂಗ್ತೀನಿ ಅಂದಿದ್ದೆಯಲ್ಲ. ತೋರಸು ನೋಡೋಣ. ಮುಂದ ನಿಂತು. ದಪ್ಪ ದನಿಲೆ."

ನಾನು ಸೊಟ್ಟ ಭುಜ ಮಾಡಿದೆ. ತಲೆಗೆ ಟವಲು ಬಿಗಿದೆ. ಬೆರಳೆತ್ತಿ, ಹೊಟ್ಟೆಯಿಂದ, "ನೀರು ಬಿಡೋ ನಾಲಾಯಕ್!" ಎಂದೆ.

ಚಾಚಾ ತಲೆ ವಾಲಿಸಿ, ಚಕ್ರವನ್ನು ನೋಡುವ ಹಾಗೆಯೇ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ.

"ಎಡ ಭುಜ ಇನ್ನೊಂಚೂರು ಕೆಳಗ," ಎಂದ. "ಮತ್ತ ಮಾಡು."